ದೋಣಿ ಬರುವ ದಿನ

ಭೂಪಟದಲ್ಲಿ ನಮ್ಮ ದೇಶದ ನೈಋತ್ಯ ದಿಕ್ಕಿಗೆ ಕಣ್ಣು ಹಾಯಿಸಿದರೆ, ಲಕ್ಷದ್ವೀಪದ ಕೆಳಗೆ, ಲೇಖನಿಯಿಂದ ಸಿಡಿದ ಮಸಿಯ ಹನಿಗಳಂತೆ ಕಾಣುವ ಚುಕ್ಕಿಗಳ ಸಾಲೊಂದು ದಕ್ಷಿಣೋತ್ತರವಾಗಿ ಹಬ್ಬಿರುವುದು ಕಾಣುತ್ತದೆ. ಅದೇ ಮಾಲ್ಡೀವ್ಸ್ ರಾಷ್ಟ್ರ. ಅಲ್ಲಿ ೧,೧೯೨ ಹವಳದ ದ್ವೀಪಗಳುಂಟು. ಅವುಗಳ ಪೈಕಿ ಜನವಸತಿಯಿರುವುವು ಸುಮಾರು ಇನ್ನೂರು ಮಾತ್ರ. ಈ ಸಾಲಿನ ಉದ್ದ ೮೦೦ ಕಿಲೋಮೀಟರಿಗೂ ಮಿಕ್ಕಿದ್ದು. ಎಂದರೆ ಹೆಚ್ಚುಕಡಿಮೆ ಕನ್ಯಾಕುಮಾರಿಗೂ ಕಾರವಾರಕ್ಕೂ ನಡುವೆ ಇರುವಷ್ಟು ದೂರ. ಆದರೆ ಎಲ್ಲ ದ್ವೀಪಗಳ ನೆಲವನ್ನೂ ಒಂದೆಡೆ ಕೂಡಿಸಿದರೆ ೩೦೦ ಚದರ ಕಿಲೋಮೀಟರು ತುಂಬುವುದಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಆರರಲ್ಲೊಂದು ಪಾಲಿಗೂ ಅದು ಕಡಿಮೆ. ಭೂಗೋಳವನ್ನು ಬೋಧಿಸುವಾಗ ಚುರುಕಾದ ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು: ಹೀಗೆ ಹರಳು ಚೆಲ್ಲಿದಂತೆ ಚದರಿದ ನೆಲವು ಒಂದು ರಾಷ್ಟ್ರವಾಗಿ ನಿಂತಿರುವುದು ಹೇಗೆ? ಪುಸ್ತಕದಲ್ಲಿ ಇದಕ್ಕೆ ಉತ್ತರವಾಗಿ ರಾಜ್ಯಾಂಗ, ರಾಜಧಾನಿ, ಧ್ವಜ ಎಂದು ಬರೆದಿರುತ್ತದೆ. ಅಲ್ಲಿಗೆ ಹೋಗಿ ಕಣ್ಣಾರೆ ಕಂಡ ಮೇಲೆ ನಮಗೆ ತೋರಿದ ಉತ್ತರ ಇದಕ್ಕಿಂತ ಸರಳವಾದುದು. ಆ ರಾಷ್ಟ್ರವನ್ನು ಹೊಲಿದು ನಿಲ್ಲಿಸಿರುವುದು ದೋಣಿ.

ದೋಣಿ ಎಂಬ ಶಬ್ದವನ್ನು ನಾವು ಕನ್ನಡಿಸಿ ಬರೆದೆವೆಂದು ವಾಚಕರು ತಿಳಿಯಬಾರದು. ಅವರ ಧಿವೇಹಿ ಭಾಷೆಯಲ್ಲಿಯೂ ಅದರ ಹೆಸರು ದೋಣಿಯೇ. ನಮ್ಮ ಕರಾವಳಿಯಲ್ಲಿ ಮಲಯಾಳಿಗಳು ತೋಣಿಯೆನ್ನುವರು, ಕನ್ನಡಿಗರೂ ತುಳುವರೂ ದೋಣಿಯೆನ್ನುವರು. ಅನೇಕ ದ್ವೀಪಗಳ ಹೆಸರಿನ ಕೊನೆಗೆ ಬರುವ 'ಧೂ' ಎಂಬುದು ಸಂಸ್ಕೃತದ 'ದ್ವೀಪ' ಶಬ್ದದ ಸವೆದ ರೂಪವೆಂದು ಭಾಷಾಜ್ಞರು ಹೇಳುತ್ತಾರೆ. ನಮ್ಮ ಸಮುದ್ರದ ಅಮೀನ್‌ದೀವಿಯಲ್ಲಿರುವ 'ದೀವಿ'ಯೂ ಅದರ ಸೋದರನೇ. ಅವರ ನಾಣ್ಯದ ಹೆಸರು ರುಫಿಯಾ. ನಡುವೆ ತಿಳಿನೀರಿನ ಮಡುವನ್ನಿರಿಸಿಕೊಂಡು ಉಂಗುರದಂತೆ ಕುಳಿತ ಹವಳದ ದಿಬ್ಬಗಳಿಗೆ ಜಗತ್ತೆಲ್ಲ ಬಳಸುವ 'ಅಟೋಲ್' ಎಂಬ ಪದವು ಧಿವೇಹಿಯಿಂದಲೇ ಇಂಗ್ಲಿಷಿಗೆ ಹೋದುದು. ಅವರ ಲಿಪಿಯಾದ ತಾನ ಬಲದಿಂದ ಎಡಕ್ಕೆ ಸಾಗುತ್ತದೆ. ಅದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬೀ ಅಂಕೆಗಳಿಂದಲೂ ಮುಂದಿನ ಒಂಬತ್ತು ಅಲ್ಲಿನ ಹಳೆಯ ಅಂಕೆಗಳಿಂದಲೂ ರೂಪುಗೊಂಡವು. ಅಂಕಗಣಿತವೇ ಅಕ್ಷರಮಾಲೆಯಾದ ಈ ಸಂಗತಿಯನ್ನು ಕೇಳಿ ನಾವು ಬಹುವಾಗಿ ವಿನೋದಪಟ್ಟೆವು.

ನಮ್ಮ ತೀರಕ್ಕೂ ಆ ದ್ವೀಪಗಳಿಗೂ ಇರುವ ಬಳಕೆ ಹೊಸದಲ್ಲ. ಅರಬ್ಬೀ ಪ್ರವಾಸಿ ಇಬ್ನ್ ಬತೂತನು ಹೊನ್ನಾವರವನ್ನೂ ಮಂಗಳೂರನ್ನೂ ಕಂಡು, ಕಲ್ಲಿಕೋಟೆಯಿಂದ ಹಡಗು ಹತ್ತಿ ಮಾಲ್ಡೀವ್ಸಿಗೆ ಹೋದವನು. ೧೩೪೩-೪೪ರಲ್ಲಿ ಅಲ್ಲಿ ಕಾಜಿಯಾಗಿಯೂ ಕೆಲಸ ಮಾಡಿದನು. ಅಲ್ಲಿನ ತೆಂಗಿನ ನಾರಿನ ಹಗ್ಗವು ಭಾರತಕ್ಕೂ ಚೀನಕ್ಕೂ ಯಮನಿಗೂ ಹೋಗುತ್ತಿತ್ತೆಂದೂ ಆ ಹಗ್ಗದಿಂದಲೇ ಹಡಗಿನ ಹಲಗೆಗಳನ್ನು ಹೊಲಿಯುತ್ತಿದ್ದರೆಂದೂ ಅವನು ಬರೆದಿಟ್ಟಿದ್ದಾನೆ. ಬಂಗಾಳದ ಪೇಟೆಗಳಲ್ಲಿ ಶತಮಾನಗಳ ಕಾಲ ನಾಣ್ಯವಾಗಿ ಚಲಾವಣೆಯಲ್ಲಿದ್ದ ಕವಡೆಯು ಬಹುಪಾಲು ಈ ದ್ವೀಪಗಳ ಮಡುವಿನದು. ಕವಡೆಯನ್ನು ಕೊಟ್ಟು ಅಕ್ಕಿಯನ್ನು ತರುವುದು ಆ ಜನರ ಪುರಾತನ ವಾಣಿಜ್ಯ. ಭತ್ತ ಬೆಳೆಯದ ನೆಲದಲ್ಲಿ ಅನ್ನ ಉಣ್ಣುವ ಜನ ಅವರು. ಆದುದರಿಂದ ದೋಣಿಯಿಲ್ಲದ ಮಾಲ್ಡೀವ್ಸ್ ಎಂದೂ ಇದ್ದಿಲ್ಲ.

ನಾವು ಅಲ್ಲಿಗೆ ಹೋದುದು ೨೦೧೮ರ ಬೇಸಗೆ ರಜೆಯಲ್ಲಿ. ನಮ್ಮ ಬಂಧುವೊಬ್ಬರು ಅಲ್ಲಿನ ದ್ವೀಪಶಾಲೆಯೊಂದರಲ್ಲಿ ಗಣಿತದ ಅಧ್ಯಾಪಕರಾಗಿದ್ದರು. ಕೇರಳದಿಂದಲೂ ತಮಿಳುನಾಡಿನಿಂದಲೂ ಹೋಗಿ ಹೀಗೆ ದ್ವೀಪದ್ವೀಪಗಳಲ್ಲಿ ಪಾಠ ಹೇಳುವವರ ಸಂಖ್ಯೆ ಸಣ್ಣದಲ್ಲ. ತಿರುವನಂತಪುರದಿಂದ ವಿಮಾನವೇರಿ ಒಂದು ಗಂಟೆಯ ಸುಮಾರಿಗೆ ಕೆಳಗಿಳಿದಾಗ, ನೆಲವೆಂದು ಸಿಕ್ಕಿದುದು ವಿಮಾನದ ಓಟದ ಹಾದಿಯಷ್ಟೇ ಉದ್ದವಾದ ಹುಲುಲೆ ದ್ವೀಪ. ನಿಲ್ದಾಣದ ಬಾಗಿಲಿನಿಂದ ಹೊರಬಿದ್ದರೆ ಮೋಟಾರು ನಿಲ್ಲುವ ಅಂಗಳದ ಬದಲಿಗೆ ದೋಣಿಕಟ್ಟೆ! ರಾಜಧಾನಿ ಮಾಲೆಗೆ ಹತ್ತು ನಿಮಿಷಗಳ ದೋಣಿಯ ಹಾದಿ. ಎಡಗಡೆ ಸಮುದ್ರದ ನಡುವೆ ಸೇತುವೆಯ ಕಂಬಗಳು ಎದ್ದು ನಿಂತಿದ್ದವು. ಅದೇ ವರ್ಷದ ಆಗಸ್ಟ್ ೩೦ರಂದು ಆ ಸೇತುವೆ ಸಂಚಾರಕ್ಕೆ ತೆರೆಯಿತು. ಈಗ ಆ ದಾರಿಯಲ್ಲಿ ಬಸ್ಸು, ಮೋಟಾರುಗಳು ಓಡುತ್ತವೆ.

ಮಾಲೆಯೆಂಬುದು ಎರಡು ಚದರ ಕಿಲೋಮೀಟರಿನಷ್ಟಿರುವ ದ್ವೀಪ. ಅದರ ಮೇಲೆ ಲಕ್ಷಕ್ಕೂ ಮಿಕ್ಕಿದ ಜನ. ಅಲ್ಲಿ ನೋಡತಕ್ಕ ಸ್ಥಳಗಳಾಗಿ ಪ್ರವಾಸಿಗರಿಗೆ ತೋರಿಸುವುದು ಹವಳದ ಕಲ್ಲಿನಲ್ಲಿ ಕಟ್ಟಿದ ಹಳೆಯ ಶುಕ್ರವಾರದ ಮಸೀದಿ, ಸುಲ್ತಾನರ ಉದ್ಯಾನ ಮುಂತಾದುವನ್ನು. ನಮ್ಮ ಮನಸ್ಸನ್ನು ಸೆರೆಹಿಡಿದುದು ಮಾತ್ರ ಉತ್ತರ ದಂಡೆಯ ಸರಕಿನ ಬಂದರು. ಒಂದೊಂದು ಅಟೋಲಿನ, ಒಂದೊಂದು ದ್ವೀಪದ ದೋಣಿಗಳು ಅಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ನಿಂತಿರುತ್ತವೆ. ತೊಡ್ಡೂ ದ್ವೀಪದ ಕಲ್ಲಂಗಡಿ, ಪಪ್ಪಾಯಿ ಇಳಿಯುತ್ತವೆ. ಒಣಗಿಸಿದ ಮೀನು, ತೆಂಗಿನಕಾಯಿ ಇಳಿಯುತ್ತವೆ. ಮರಳಿ ಏರುವುದು ಅಕ್ಕಿ, ಹಿಟ್ಟು, ಸಕ್ಕರೆ, ಈರುಳ್ಳಿ, ಮೊಟ್ಟೆ, ಅಡಿಗೆ ಅನಿಲದ ಅಂಡೆ, ಸಿಮೆಂಟು, ತಗಡು, ಹೊಲಿಗೆಯಂತ್ರ, ಮದುವೆಯ ಮಂಚ. ಅಲ್ಲಿ ಮನೆಗಳಿಗೆ ಸಂಖ್ಯೆಗಿಂತ ಹೆಸರೇ ಮುಖ್ಯ; ನಮ್ಮ ಊರಿನ ಮನೆಹೆಸರಿನ ಹಾಗೆಯೇ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಮನೆಯ ಹೆಸರು, ದ್ವೀಪದ ಹೆಸರು ಬರೆದು ದೋಣಿಯವನ ಕೈಗೆ ಒಪ್ಪಿಸಿದರೆ ಆಯಿತು. ಊರಿನವರು ಪಟ್ಟಿ ಬರೆದು ಕಳುಹಿಸಿದರೆ ದೋಣಿಯ ಯಜಮಾನನೇ ಪೇಟೆ ಸುತ್ತಿ ಕೊಂಡು ತರುವ ಪದ್ಧತಿಯೂ ಇತ್ತು. ಅಂಚೆಯವನು, ಸಾಹುಕಾರ, ಸುದ್ದಿಗಾರ ಎಲ್ಲವೂ ಅವನೇ.

ಮಾಲೆಯಿಂದ ದಕ್ಷಿಣಕ್ಕೆ ವಾವು ಅಟೋಲಿನ ಚಿಕ್ಕ ದ್ವೀಪವೊಂದು ನಮ್ಮ ಗಮ್ಯಸ್ಥಾನ. ಆ ವರ್ಷ ಅಲ್ಲಿಗೆ ಸಾರ್ವಜನಿಕ ದೋಣಿ ಹೋಗುತ್ತಿದ್ದುದು ವಾರಕ್ಕೆ ಮೂರು ದಿನ. ಶುಕ್ರವಾರ ಪೂರ್ಣ ಬಿಡುವು. ನೈಋತ್ಯ ಮೂಲೆಯ ದೋಣಿಕಟ್ಟೆಯಲ್ಲಿ ಚೀಟಿ ಪಡೆದೆವು. ದರವು ಮಾಲೆಯ ಸಾಮಾನ್ಯ ಹೋಟೆಲಿನ ಒಂದು ಊಟದ ಬೆಲೆಯಷ್ಟೇ. ಖಾಸಗಿಯವರ ವೇಗದ ದೋಣಿಗಳಿಗೆ ಅದರ ಹಲವು ಪಟ್ಟು ತೆರಬೇಕಿತ್ತು. ನಮ್ಮ ದೋಣಿಗೆ ಉದ್ದನೆಯ ಮಾಡು, ಎರಡೂ ಬದಿಯಲ್ಲಿ ಬೆಂಚು, ಹಿಂಭಾಗದಲ್ಲಿ ಪಾದದಿಂದ ಚುಕ್ಕಾಣಿಯನ್ನು ಒತ್ತುತ್ತ ಚಹ ಕುಡಿಯುತ್ತಿದ್ದ ಚಾಲಕ. ಅವನಿಗೆ ಹಾದಿಯ ಗುರುತು ನೀರಿನ ಬಣ್ಣವೇ. ತಿಳಿಹಸುರು ಕಂಡರೆ ಕೆಳಗೆ ಹವಳದ ದಿಬ್ಬ. ಕಡುನೀಲಿ ಕಂಡರೆ ಆಳ. ಅಟೋಲುಗಳ ನಡುವಣ ಆಳವಾದ ಕಾಲುವೆಗೆ ಅವರು 'ಕಂಡು' ಎನ್ನುತ್ತಾರೆ. ಮೊದಲು ವಾಧೂ ಕಂಡು, ತರುವಾಯ ದಕ್ಷಿಣ ಮಾಲೆ ಅಟೋಲನ್ನು ಕಳೆದು ಫುಲಿಧೂ ಕಂಡು. ಅಟೋಲಿನ ಒಳಗೆ ಕೆರೆಯಂತೆ ಮಲಗಿದ್ದ ನೀರು ಕಂಡುವಿಗೆ ಬಂದೊಡನೆ ಮಗ್ಗುಲು ಬದಲಿಸಿತು, ದೋಣಿ ಉಯ್ಯಾಲೆಯಾಯಿತು. ಏಪ್ರಿಲ್ ತಿಂಗಳು ಅಲ್ಲಿನ ಶಾಂತ ಋತುವಿನ ಕೊನೆಯಾದುದರಿಂದ ನಾವು ಹೊಟ್ಟೆಯ ಮರ್ಯಾದೆಯನ್ನು ಉಳಿಸಿಕೊಂಡೆವು.

ನಮ್ಮ ಎದುರಿಗೆ ಕುಳಿತಿದ್ದವಳು ಇಪ್ಪತ್ತು ದಿನದ ಕೂಸನ್ನು ಎತ್ತಿಕೊಂಡ ಒಬ್ಬ ತಾಯಿ. ಸಣ್ಣ ದ್ವೀಪಗಳಲ್ಲಿ ಹೆರಿಗೆಯ ವ್ಯವಸ್ಥೆ ಸಾಲದೆ, ದಿನ ತುಂಬುವ ಮೊದಲೇ ಗರ್ಭಿಣಿಯರು ಮಾಲೆಗೆ ಹೋಗಿ ಬಾಡಿಗೆಯ ಕೋಣೆಯಲ್ಲೋ ನೆಂಟರ ಮನೆಯಲ್ಲೋ ವಾರಗಟ್ಟಲೆ ಕಾದಿರುವುದು ಅಲ್ಲಿ ಸಾಮಾನ್ಯ. ಈಕೆಯೂ ಹಾಗೆಯೇ ಎರಡು ತಿಂಗಳು ಊರು ಬಿಟ್ಟಿದ್ದವಳು. ಅವಳ ಬಳಿ ಒಂದು ಚೀಲ, ಒಂದು ಬಕೆಟು, ತಾಯಿಗೆಂದು ಕೊಂಡ ಹೊಸ ಕಾಲ್ಮರೆ. ಮತ್ತೊಬ್ಬ ವೃದ್ಧರ ತೊಡೆಯ ಮೇಲೆ ದ್ವೀಪದ ಆರೋಗ್ಯಕೇಂದ್ರಕ್ಕೆ ಸೇರಬೇಕಾದ ಔಷಧದ ಪೆಟ್ಟಿಗೆ. ನಾಲ್ಕು ಗಂಟೆಗಳ ಕಾಲ ಅವರು ಅದನ್ನು ಕೆಳಗಿಡಲಿಲ್ಲ.

ದ್ವೀಪ ಹತ್ತಿರವಾದಂತೆ ಕಟ್ಟೆಯ ಮೇಲೆ ಊರೇ ನೆರೆದಿರುವುದು ಕಂಡಿತು. ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಹೆಣೆದ 'ಜೋಲಿ' ಎಂಬ ಆಸನಗಳಲ್ಲಿ ಮುದುಕರು ಸಾಲಾಗಿ ಒರಗಿದ್ದರು. ಹುಡುಗರು ಕೈಗಾಡಿಗಳನ್ನು ತಂದು ನಿಲ್ಲಿಸಿದ್ದರು. ಯಾರಿಗೂ ಯಾರೂ ಆಜ್ಞೆ ಮಾಡಲಿಲ್ಲ. ಪೆಟ್ಟಿಗೆಗಳು ಕೈಯಿಂದ ಕೈಗೆ ದಾಟಿ, ಮನೆಯ ಹೆಸರನ್ನು ಯಾರೋ ಕೂಗಿ, ಕಾಲು ಗಂಟೆಯೊಳಗೆ ಕಟ್ಟೆ ಬರಿದಾಯಿತು. ಆ ಕೂಸು ಮಾತ್ರ ಇನ್ನೂ ಹೆಂಗಸರ ಕೈಯಿಂದ ಕೈಗೆ ಹೋಗುತ್ತಲೇ ಇತ್ತು.

ಅಲ್ಲಿ ನಾವು ಐದು ದಿನ ಇದ್ದೆವು. ಶಾಲೆಯಲ್ಲಿ ಇನ್ನೂರಕ್ಕೂ ಕಡಿಮೆ ಮಕ್ಕಳು. ಅಂಗಳದಲ್ಲಿ ಬಿಳಿಯ ಮರಳು, ಬಾದಾಮಿ ಮರ. ಹತ್ತನೆಯ ತರಗತಿ ಮುಗಿದ ಬಳಿಕ ಓದು ಮುಂದುವರಿಸಬೇಕಾದರೆ ಮಕ್ಕಳು ದ್ವೀಪ ಬಿಡಲೇಬೇಕು. ಪ್ರಶ್ನಪತ್ರಿಕೆ, ಪಠ್ಯಪುಸ್ತಕ, ಸೀಮೆಸುಣ್ಣ ಎಲ್ಲವೂ ದೋಣಿಯಲ್ಲಿ ಬರಬೇಕು. ಹಿಂದಿನ ಮಳೆಗಾಲದ ಸಂಗತಿಯೊಂದನ್ನು ನಮ್ಮ ಬಂಧು ಹೇಳಿದರು. ಪಶ್ಚಿಮದ ಗಾಳಿಯೆದ್ದು ಒಂದು ವಾರ ದೋಣಿ ಹೊರಡಲಾಗಲಿಲ್ಲವಂತೆ. ಎರಡನೆಯ ದಿನ ಅಂಗಡಿಯಲ್ಲಿ ತರಕಾರಿ ಮುಗಿಯಿತು, ನಾಲ್ಕನೆಯ ದಿನ ಮೊಟ್ಟೆ, ಐದನೆಯ ದಿನ ಹಾಲಿನ ಪುಡಿ. ಮೀನಿಗೂ ತೆಂಗಿನಕಾಯಿಗೂ ಕೊರತೆಯಿಲ್ಲದುದರಿಂದ ಯಾರೂ ಉಪವಾಸ ಬೀಳಲಿಲ್ಲ. ಆದರೆ ಏಳನೆಯ ದಿನದ ಹೊತ್ತಿಗೆ ಜನ ಮಾತು ಕಡಿಮೆ ಮಾಡಿದ್ದರು. ಬೇರೆ ಕೆಲಸವಿಲ್ಲದವರೂ ಕಟ್ಟೆಗೆ ಹೋಗಿ ಸಮುದ್ರವನ್ನು ನೋಡಿ ಬರುತ್ತಿದ್ದರು. ಕೊನೆಗೆ ದೋಣಿ ಕಾಣಿಸಿಕೊಂಡಾಗ ಶಾಲೆಯ ಗಂಟೆಯನ್ನು ಬಾರಿಸದೆಯೇ ತರಗತಿಗಳು ಖಾಲಿಯಾದುವಂತೆ. ಅಧ್ಯಾಪಕರು ಯಾರನ್ನೂ ಗದರಲಿಲ್ಲ, ಏಕೆಂದರೆ ಅವರೂ ಓಡಿದ್ದರು.

ಮರಳುವ ದಿನ ದೋಣಿಯಲ್ಲಿ ನಾವೂ ಸೇರಿ ಹನ್ನೊಂದು ಮಂದಿ ಪ್ರಯಾಣಿಕರು. ಆಸನಗಳು ಎಪ್ಪತ್ತಕ್ಕೂ ಹೆಚ್ಚು. ಅಧ್ಯಾಪಕ ಸ್ವಭಾವದಿಂದ ನಾವು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆವು. ಹನ್ನೊಂದು ಮಂದಿಯ ದರದಿಂದ ನಾಲ್ಕು ಗಂಟೆಗಳ ಡೀಸೆಲಿನ ಬೆಲೆಯೂ ಹುಟ್ಟಲಾರದು. ಚಾಲಕನ ಸಂಬಳ, ದೋಣಿಯ ದುರಸ್ತಿಗಳ ಮಾತೇ ಬೇರೆ. ಹಾಗಾದರೆ ಈ ದೋಣಿಯನ್ನು ಓಡಿಸುವವರು ಯಾರು, ಏಕೆ?

ಇದರ ವೃತ್ತಾಂತವನ್ನು ತಿಳಿಯುವುದು ಉಪಯುಕ್ತ. ಮಾಲ್ಡೀವ್ಸ್ ಬ್ರಿಟಿಷರ ರಕ್ಷಣೆಯಿಂದ ೧೯೬೫ರ ಜುಲೈ ೨೬ರಂದು ಬಿಡುಗಡೆ ಹೊಂದಿತು, ೧೯೬೮ರಲ್ಲಿ ಗಣರಾಜ್ಯವಾಯಿತು. ಅಂದು ದ್ವೀಪದಿಂದ ದ್ವೀಪಕ್ಕೆ ಹೋಗಲು ಹಾಯಿಯೇ ಗತಿ. ದೂರದ ಅಟೋಲಿನಿಂದ ರಾಜಧಾನಿಗೆ ಬರಲು ಗಾಳಿಯ ದಯೆಯನ್ನು ಕಾದು ದಿನಗಟ್ಟಲೆ ಹಿಡಿಯುತ್ತಿತ್ತು. ೧೯೭೪ರಿಂದ ಮೀನುಗಾರರ ದೋಣಿಗಳಿಗೆ ಎಂಜಿನ್ನುಗಳನ್ನು ಅಳವಡಿಸುವ ಕಾರ್ಯ ಆರಂಭವಾಯಿತು. ೧೯೮೦ರಲ್ಲಿ ಸರಕಾರದ ಆಶ್ರಯದಲ್ಲಿ ಮಾಲ್ಡೀವ್ಸ್ ಟ್ರಾನ್ಸ್‌ಪೋರ್ಟ್ ಅಂಡ್ ಕಾಂಟ್ರಾಕ್ಟಿಂಗ್ ಕಂಪೆನಿ ಸ್ಥಾಪಿತವಾಯಿತು. ಎಂ.ಟಿ.ಸಿ.ಸಿ. ಎಂದು ಎಲ್ಲರೂ ಕರೆಯುವ ಈ ಸಂಸ್ಥೆಗೆ ಅದರ ಹೆಸರೇ ಹೇಳುವಂತೆ ಎರಡು ಕೈಗಳು. ಒಂದು ಕೈ ಬಂದರುಗಳನ್ನು ಕಟ್ಟುತ್ತದೆ, ಹೂಳೆತ್ತುತ್ತದೆ, ದೋಣಿಯ ಎಂಜಿನ್ನುಗಳನ್ನು ಮಾರುತ್ತದೆ. ಇನ್ನೊಂದು ಕೈ ಜನರನ್ನು ದಾಟಿಸುತ್ತದೆ. ಮೊದಲನೆಯ ಕೈಯಲ್ಲಿ ಸಂಪಾದನೆ, ಎರಡನೆಯ ಕೈಯಲ್ಲಿ ಖರ್ಚು. ಕೊರತೆಯನ್ನು ಸರಕಾರದ ಬೊಕ್ಕಸವೂ ತುಂಬಬೇಕಾಗುತ್ತದೆ. ೨೦೦೮ರಲ್ಲಿ ಅಲ್ಲಿ ಬಹುಪಕ್ಷಗಳ ಪ್ರಥಮ ಅಧ್ಯಕ್ಷ ಚುನಾವಣೆ ನಡೆದಾಗ ಗೆದ್ದ ಮೊಹಮ್ಮದ್ ನಶೀದರು ಜನರಿಗೆ ಕೊಟ್ಟಿದ್ದ ಮುಖ್ಯ ವಚನಗಳಲ್ಲಿ ಒಂದು, ದೇಶವ್ಯಾಪಿಯಾದ ಸಾರಿಗೆಯ ಜಾಲ. ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಅಟೋಲುಗಳಿಗೆ ಗೊತ್ತಾದ ದಿನ, ಗೊತ್ತಾದ ದರದ ದೋಣಿಗಳು ಬಂದವು. ನೋಡಿ, ಆ ದೇಶದಲ್ಲಿ ಮತದಾರನು ಕೇಳಿದ ಮೊದಲ ವರಗಳಲ್ಲೊಂದು ದೋಣಿಯ ವೇಳಾಪಟ್ಟಿ!

ದೂರದ ದ್ವೀಪವನ್ನು ರಾಜಧಾನಿ ಮರೆತರೆ ಏನಾಗುವುದೆಂಬುದಕ್ಕೆ ಅವರ ಇತಿಹಾಸದಲ್ಲಿಯೇ ಪಾಠವುಂಟು. ಮಾಲೆಯಿಂದ ೫೦೦ ಕಿಲೋಮೀಟರಿಗೂ ಆಚೆ, ಭೂಮಧ್ಯರೇಖೆಯನ್ನು ದಾಟಿದ ಮೇಲೆ ಅದ್ದು ಅಟೋಲ್ ಇದೆ. ಅಲ್ಲಿನವರ ಮಾತಿನ ಧಾಟಿಯೂ ಮಾಲೆಯವರದಕ್ಕಿಂತ ಬಹಳ ಬೇರೆ. ದಕ್ಷಿಣದ ಜನ ತಮ್ಮದೇ ಹಡಗುಗಳಲ್ಲಿ ನೇರವಾಗಿ ಸಿಂಹಳಕ್ಕೂ ಭಾರತಕ್ಕೂ ಹೋಗಿ ವ್ಯಾಪಾರ ಮಾಡಿಕೊಂಡಿದ್ದವರು. ಆ ವ್ಯಾಪಾರದ ಮೇಲಿನ ಹಿಡಿತ, ಕರಗಳು, ಬ್ರಿಟಿಷ್ ನೆಲೆಯ ಕೆಲಸಗಾರರ ಪ್ರಶ್ನೆ ಮುಂತಾದ ಕಾರಣಗಳಿಂದ ಅಸಮಾಧಾನ ಬೆಳೆದು, ೧೯೫೯ರಲ್ಲಿ ಅದ್ದು, ಹುವದು, ಫುವಮುಲ ಈ ಮೂರೂ ಕೂಡಿ ಸುವಾದೀವ್ ಎಂಬ ಪ್ರತ್ಯೇಕ ಗಣರಾಜ್ಯವನ್ನೇ ಘೋಷಿಸಿದವು. ೧೯೬೩ರ ವೇಳೆಗೆ ಅದು ಅಳಿಯಿತು. ಅದರ ನಾಯಕ ಅಬ್ದುಲ್ಲಾ ಅಫೀಫರು ಸೇಶಲ್ಸಿಗೆ ವಲಸೆ ಹೋದರು. ರಾಜಧಾನಿಯಿಂದ ಬರುವುದು ಕರದ ಅಧಿಕಾರಿ ಮಾತ್ರವಾಗಿ, ಅಕ್ಕಿಯ ದೋಣಿ ಬಾರದಿದ್ದರೆ, ಆ ರಾಜಧಾನಿಯನ್ನು ಜನ ತಮ್ಮದೆಂದು ಎಷ್ಟು ಕಾಲ ಭಾವಿಸಿಯಾರು?

ಆ ಅಕ್ಕಿಯ ದೋಣಿಯ ಇನ್ನೊಂದು ತುದಿ ನಮ್ಮ ದೇಶದಲ್ಲಿದೆ. ೧೯೮೧ರ ವ್ಯಾಪಾರ ಒಪ್ಪಂದದ ಪ್ರಕಾರ ಅಕ್ಕಿ, ಗೋಧಿಹಿಟ್ಟು, ಸಕ್ಕರೆ, ಬೇಳೆ, ಈರುಳ್ಳಿ, ಆಲೂಗಡ್ಡೆ, ಮೊಟ್ಟೆಗಳನ್ನು ಭಾರತವು ಗೊತ್ತಾದ ಪ್ರಮಾಣದಲ್ಲಿ ಒದಗಿಸುತ್ತ ಬಂದಿದೆ. ಇಲ್ಲಿ ಅವುಗಳ ರಫ್ತಿಗೆ ನಿರ್ಬಂಧವಿದ್ದಾಗಲೂ ಮಾಲ್ಡೀವ್ಸಿಗೆ ವಿನಾಯಿತಿಯುಂಟು. ಆ ಪಟ್ಟಿಯಲ್ಲಿ ಹೊಳೆಯ ಮರಳೂ ಜಲ್ಲಿಕಲ್ಲೂ ಇವೆಯೆಂದರೆ ವಾಚಕರು ಬೆರಗಾದಾರು. ಸುತ್ತ ಮರಳೇ ಇರುವ ನಾಡು ಮನೆ ಕಟ್ಟಲು ಮರಳನ್ನು ಹಡಗಿನಲ್ಲಿ ತರಿಸುತ್ತದೆ. ತನ್ನ ದಂಡೆಯ ಮರಳನ್ನು ತೋಡಿದರೆ ಕಾಲಡಿಯ ದ್ವೀಪವೇ ಕರಗಿ ಹೋಗುವುದು. ೨೦೨೦ರ ಸೆಪ್ಟೆಂಬರಿನಲ್ಲಿ ತೂತ್ತುಕುಡಿ, ಕೊಚ್ಚಿಗಳಿಂದ ಉತ್ತರದ ಕುಲುದುಫುಶಿಗೂ ಮಾಲೆಗೂ ನೇರವಾದ ಸರಕು ಹಡಗಿನ ಸಂಚಾರವನ್ನು ಆರಂಭಿಸಲಾಯಿತು. ಆಪತ್ಕಾಲದಲ್ಲಿಯೂ ಹಡಗೇ ಆಸರೆ. ೨೦೦೪ರ ಡಿಸೆಂಬರಿನ ಸುನಾಮಿಯಲ್ಲಿ ಆ ದ್ವೀಪಗಳು ನಲುಗಿದಾಗ ನೆರವಿಗೆ ಧಾವಿಸಿದ ಭಾರತೀಯ ನೌಕೆಗಳಲ್ಲಿ ಒಂದರ ಹೆಸರು ಐ.ಎನ್.ಎಸ್. ಮೈಸೂರು. ೨೦೧೪ರ ಡಿಸೆಂಬರಿನಲ್ಲಿ ಮಾಲೆಯ ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರಕ್ಕೆ ಬೆಂಕಿ ತಗಲಿ ಊರಿಗೆ ಊರೇ ಬಾಯಾರಿದಾಗ ಸುಕನ್ಯಾ, ದೀಪಕ್ ಎಂಬ ನೌಕೆಗಳು ಕುಡಿಯುವ ನೀರನ್ನೇ ಹೊತ್ತು ಹೋದವು.

ನಾವು ಕಂಡ ನಿಧಾನದ ದೋಣಿಗಳ ಕಾಲ ಈಗ ಹಿಂದೆ ಸರಿಯುತ್ತಿದೆ. ೨೦೨೨ರಲ್ಲಿ ಉತ್ತರದ ಅಟೋಲುಗಳಿಂದ ಮೊದಲುಗೊಂಡು ರಾಜ್ಜೆ ಟ್ರಾನ್ಸ್‌ಪೋರ್ಟ್ ಲಿಂಕ್ ಎಂಬ ಹೆಸರಿನ ವೇಗದ ದೋಣಿಗಳನ್ನು ಎಂ.ಟಿ.ಸಿ.ಸಿ. ಓಡಿಸತೊಡಗಿತು. ನಾಲ್ಕು ಗಂಟೆಯ ಹಾದಿ ಒಂದೆರಡು ಗಂಟೆಗೆ ಇಳಿದರೆ ಹೆರಿಗೆಗೆ ಹೋಗುವ ಹೆಣ್ಣುಮಗಳು ಎರಡು ತಿಂಗಳು ಊರು ಬಿಡಬೇಕಾಗಿಲ್ಲ. ಉದ್ಯೋಗಿಯು ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದು. ಇದನ್ನು ಪ್ರಗತಿಯೆಂದೇ ಒಪ್ಪಬೇಕು. ವೇಗಕ್ಕೆ ತಕ್ಕಂತೆ ಇಂಧನದ ವೆಚ್ಚವೂ ಏರುವುದೆಂಬುದನ್ನೂ ಮರೆಯಲಾಗದು. ಬಂದರಿಗಾಗಿ ಹವಳದ ದಿಬ್ಬವನ್ನು ಕಡಿಯುವುದರಿಂದ ಅಲೆಗಳನ್ನು ತಡೆಯುವ ಸಹಜವಾದ ಗೋಡೆಯೇ ಸಡಿಲವಾಗುವ ಭಯವೂ ಅಲ್ಲಿ ಉಂಟು.

ಇಷ್ಟೆಲ್ಲ ಹಣ ಸುರಿದು ಐನೂರು ಜನರ ದ್ವೀಪಕ್ಕೆ ದೋಣಿ ಓಡಿಸುವುದಕ್ಕಿಂತ ಆ ಐನೂರು ಜನರನ್ನೇ ದೊಡ್ಡ ದ್ವೀಪಕ್ಕೆ ತಂದಿರಿಸುವುದು ಅಗ್ಗವಲ್ಲವೇ ಎಂದು ವಾದಿಸುವವರು ಅಲ್ಲಿಯೂ ಇದ್ದಾರೆ. ವಾದ ತೀರ ಹುರುಳಿಲ್ಲದ್ದಲ್ಲ. ಸಣ್ಣ ದ್ವೀಪಕ್ಕೆ ಆಸ್ಪತ್ರೆ, ಕಾಲೇಜು, ಚರಂಡಿ ಎಲ್ಲವನ್ನೂ ಒದಗಿಸುವುದು ಬಡ ಬೊಕ್ಕಸಕ್ಕೆ ಭಾರವೇ ಸರಿ. ಕೆಲವು ದ್ವೀಪಗಳ ಜನ ಹಾಗೆ ಸ್ಥಳಾಂತರ ಹೊಂದಿಯೂ ಇದ್ದಾರೆ. ಆದರೆ ಫಲವನ್ನೂ ನೋಡಬೇಕು. ಇಂದು ರಾಷ್ಟ್ರದ ಸುಮಾರು ಐದರಲ್ಲಿ ಎರಡು ಪಾಲು ಜನ ಮಾಲೆ ನಗರಕ್ಕೆ ಸೇರಿದ್ದಾರೆ. ಒಂದು ಕೋಣೆಯಲ್ಲಿ ಸರದಿಯ ಮೇಲೆ ಮಲಗುವವರಿದ್ದಾರೆ. ಬಾಡಿಗೆಯೇ ಸಂಬಳವನ್ನು ನುಂಗುತ್ತದೆ. ದೋಣಿ ಬಾರದ ದ್ವೀಪದಿಂದ ಮೊದಲು ಹೊರಡುವುದು ವಿದ್ಯಾರ್ಥಿ, ತರುವಾಯ ಅವನ ತಾಯಿ, ತರುವಾಯ ಅಂಗಡಿಯವನು. ಕೊನೆಗೆ ಜೋಲಿಯಲ್ಲಿ ಮುದುಕರು ಮಾತ್ರ. ಆಮೇಲೆ ಪ್ರಯಾಣಿಕರೇ ಇಲ್ಲವೆಂದು ಹೇಳಿ ದೋಣಿಯನ್ನು ನಿಲ್ಲಿಸುವುದು ಸುಲಭ. ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಕಾರಣವನ್ನು ಫಲವೆಂದು ಬರೆದ ಲೆಕ್ಕ ಅದು.

ಈ ವಿಷಯವನ್ನು ಗಡಿನಾಡಿನ ಪತ್ರಿಕೆಗೆ ಬರೆಯಲು ಕಾರಣವುಂಟು. ಮಾಲ್ಡೀವ್ಸಿನ ಉತ್ತರಕ್ಕೆ, ಎಂಟನೆಯ ಡಿಗ್ರಿ ಕಾಲುವೆಯ ಈಚೆಗೆ, ಭಾರತಕ್ಕೆ ಸೇರಿದ ಮಿನಿಕಾಯ್ ದ್ವೀಪವಿದೆ. ಅಲ್ಲಿನ ಜನ ಆಡು ಮಾತು ಮಹಲ್; ಅದು ಧಿವೇಹಿಯ ಒಂದು ರೂಪ, ತಾನ ಲಿಪಿಯಲ್ಲಿಯೇ ಬರೆಯುವುದು. ೧೯೭೬ರ ಒಪ್ಪಂದದಿಂದ ಸಮುದ್ರದ ಗಡಿ ನಿಶ್ಚಿತವಾಯಿತು. ಭಾಷೆ ಆಚೆಗೆ, ರಾಷ್ಟ್ರ ಈಚೆಗೆ; ಅವೆರಡರ ನಡುವೆ ಪ್ರಯಾಣಿಕರ ದೋಣಿಯಿಲ್ಲ. ಮಿನಿಕಾಯಿಗೆ ಬರುವ ಹಡಗು ಕೊಚ್ಚಿಯದು. ಗಡಿಯಾಚೆ ಉಳಿದ ಮಾತನ್ನು ಮನೆಯೊಳಗೆ ಕಾಪಾಡಿಕೊಳ್ಳುವುದೆಂದರೇನು ಎಂಬುದನ್ನು ನಮ್ಮ ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಇನ್ನು ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾಗಳನ್ನೊಳಗೊಂಡ ಅಮೀನ್‌ದೀವಿ ದ್ವೀಪಗಳು ಟಿಪ್ಪುವಿನ ಕಾಲದಲ್ಲಿ ಮೈಸೂರಿಗೆ ಸೇರಿ, ೧೭೯೯ರ ಬಳಿಕ ಬ್ರಿಟಿಷರ ಕೈಗೆ ಬಂದು, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ೧೯೫೬ರ ನವೆಂಬರ್ ೧ರಂದು ನಮ್ಮ ಕಾಸರಗೋಡು ಆ ಜಿಲ್ಲೆಯಿಂದ ಬೇರ್ಪಟ್ಟ ದಿನವೇ ಅವೂ ಬೇರ್ಪಟ್ಟವು. ಆದರೂ ಮಂಗಳೂರಿನ ಹಳೆಯ ಬಂದರಿನಿಂದ ಅಕ್ಕಿ, ತರಕಾರಿ, ಕಟ್ಟಡದ ಸಾಮಗ್ರಿಗಳನ್ನು ಹೊತ್ತ ಮಂಜಿಗಳು ಲಕ್ಷದ್ವೀಪಕ್ಕೆ ಹೋಗುತ್ತಲೇ ಬಂದಿವೆ. ಆಡಳಿತದ ಗೆರೆ ಬೇರೆಯಾದರೂ ಸರಕಿನ ಹಾದಿ ತುಂಡಾಗಲಿಲ್ಲ.

ನೆಲದ ಮೇಲಿರುವ ನಾವು ದ್ವೀಪವಾಸಿಗಳಲ್ಲವೆಂದು ಭಾವಿಸಿದ್ದೆವು. ೨೦೨೦ರ ಮಾರ್ಚಿನಲ್ಲಿ ಮಹಾಮಾರಿಯ ನೆಪದಿಂದ ತಲಪಾಡಿಯ ದಾರಿಯೂ ಒಳದಾರಿಗಳೂ ಮುಚ್ಚಿದಾಗ, ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಗಡಿಯ ಕುಟುಂಬಗಳ ರೋಗಿಗಳು ದಾರಿಯಲ್ಲಿಯೇ ಪ್ರಾಣ ಬಿಟ್ಟುದನ್ನು ಕಂಡೆವು. ದ್ವೀಪವಾಗಲು ಸುತ್ತಲೂ ನೀರೇ ಇರಬೇಕಾಗಿಲ್ಲವೆಂದು ಅಂದು ತಿಳಿಯಿತು. ನಿತ್ಯದ ದಿನಗಳಲ್ಲಿಯೂ ಇದೇ ಮಾತು. ಸೊಲ್ಲಾಪುರದ, ಅಕ್ಕಲಕೋಟೆಯ, ತಾಳವಾಡಿಯ, ಆದವಾನಿಯ ಕನ್ನಡ ಹಳ್ಳಿಗಳವರೂ ಇದನ್ನು ಬಲ್ಲರು. ಗಡಿ ದಾಟಿ ಬರುವ ಮುಂಜಾನೆಯ ಬಸ್ಸೊಂದು ನಿಂತರೆ, ಕನ್ನಡ ಕಾಲೇಜಿಗೆ ಹೋಗುವ ಹುಡುಗಿ ಹತ್ತಿರದ ಬೇರೆ ಮಾಧ್ಯಮಕ್ಕೆ ಸೇರುತ್ತಾಳೆ. ಮುಂದಿನ ವರ್ಷ ಅವಳ ತಂಗಿಯೂ. ನಮ್ಮ ಕನ್ನಡ ವಿಭಾಗದ ಹಾಜರಿಪಟ್ಟಿಯಲ್ಲಿ ಹನ್ನೊಂದು ಹೆಸರುಗಳು ಉಳಿದಾಗ, ಆದಾಯಕ್ಕೆ ತಕ್ಕುದಲ್ಲದ ಶಾಲೆಯೆಂಬ ಪಟ್ಟಿಗೆ ಅದೂ ಸೇರುತ್ತದೆ. ಆ ಹನ್ನೊಂದು ಎಂಬ ಸಂಖ್ಯೆಯನ್ನು ಬರೆಯುವಾಗಲೆಲ್ಲ ನಮಗೆ ವಾವು ಅಟೋಲಿನ ದೋಣಿ ನೆನಪಾಗುತ್ತದೆ. ಅಲ್ಲಿ ಹನ್ನೊಂದು ಮಂದಿಗಾಗಿ ದೋಣಿ ಹೊರಟಿತ್ತು.

ಸರಕಾರಗಳು ಎಲ್ಲ ನಷ್ಟವನ್ನೂ ಸದಾ ಹೊರಬೇಕೆಂದು ನಾವು ಹೇಳುವುದಿಲ್ಲ. ಬಳಸದ ಸೌಕರ್ಯವನ್ನು ಯಾವ ಸರಕಾರವೂ ಬಹುಕಾಲ ಉಳಿಸದು; ಈ ಮಾತು ನಮಗೂ ಅನ್ವಯಿಸುತ್ತದೆ. ಆ ದ್ವೀಪದ ಜನ ತಮ್ಮ ದೋಣಿಯನ್ನು ಹತ್ತುತ್ತಾರೆ. ಅವಸರವಿಲ್ಲದವರು ಖಾಸಗಿ ದೋಣಿಯ ಆಸೆಗೆ ಬೀಳದೆ ಗೊತ್ತಾದ ದಿನವನ್ನು ಕಾಯುತ್ತಾರೆ. ನಮ್ಮ ಊರಿಗೆ ಬರುವ ಬಸ್ಸನ್ನು ನಾವು ಹತ್ತಬೇಕು, ನಮ್ಮ ಶಾಲೆಗೆ ನಮ್ಮ ಮಕ್ಕಳನ್ನು ಕಳುಹಿಸಬೇಕು, ನಿಲ್ಲಿಸುವ ಸೂಚನೆ ಬಂದಾಗ ಊರವರೆಲ್ಲರೂ ಸಹಿ ಹಾಕಿದ ಮನವಿಯನ್ನು ವಿಳಂಬಿಸದೆ ಕೊಡಬೇಕು. ಈ ಮೂರರಲ್ಲಿ ಮೊದಲಿನ ಎರಡಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.